ಬಳ್ಳಾರಿ ಜಾಲಿಯ ತವರು ಬಳ್ಳಾರಿ ಅಲ್ಲ: ಹೊಲದ ಬದುವಿನಿಂದ ಜಗತ್ತಿನ ದಾಖಲೆಗೆ

ನಮ್ಮ ಕಡೆ ಯಾವ ಹಳ್ಳದ ದಂಡೆಗೆ ಇಳಿದರೂ ಮೊದಲು ಕಾಲಿಗೆ ಚುಚ್ಚುವುದು ಬಳ್ಳಾರಿ ಜಾಲಿ. ಹೆಸರು ಕೇಳಿದವರು ಇದು ಬಳ್ಳಾರಿಯ ಗಿಡ ಅಂದುಕೊಳ್ಳುತ್ತಾರೆ. ಅಲ್ಲ. ಅದರ ತವರು ಮೆಕ್ಸಿಕೊ, ಮಧ್ಯ ಅಮೆರಿಕ ಮತ್ತು ದಕ್ಷಿಣ ಅಮೆರಿಕದ ಉತ್ತರ ಭಾಗ. 1870ರ ದಶಕದಲ್ಲಿ ಭಾರತಕ್ಕೆ ಬಂತು. ತಮಿಳರು ಇದನ್ನು ಸೀಮೈ ಕರುವೇಲಂ ಅನ್ನುತ್ತಾರೆ. ಗಡಿ ದಾಟಿ ಆಂಧ್ರಕ್ಕೆ ಹೋದರೆ ಸರ್ಕಾರು ತುಮ್ಮ. ಹಿಂದಿಯಲ್ಲಿ ವಿಲಾಯತಿ ಬಬೂಲ್. ಒಬ್ಬರು ಸೀಮೆಯದು ಅಂತಾರೆ, ಇನ್ನೊಬ್ಬರು ಸರ್ಕಾರದ್ದು ಅಂತಾರೆ, ಕನ್ನಡದವರು ಬಳ್ಳಾರಿಯ ತಲೆಗೆ ಕಟ್ಟಿದ್ದಾರೆ. ತಮ್ಮದು ಅಂತ ಹೇಳಿಕೊಳ್ಳಲು ಯಾರಿಗೂ ಮನಸ್ಸಿಲ್ಲ!

ನಾನು ಗಂಗಾವತಿ ಕಡೆ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ಮಾಸ್ತರ. ಸುತ್ತಮುತ್ತಲಿನ ಗಿಡ, ಹಕ್ಕಿ, ಹುಳಗಳನ್ನು ಮಕ್ಕಳ ಜೊತೆ ದಾಖಲೆ ಮಾಡಲು ಹೋಗಿ ಬೇಕಾದಷ್ಟು ತಪ್ಪು ಮಾಡಿದ್ದೇನೆ. ನೀವು ಅದೇ ತಪ್ಪು ಮಾಡದಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯವರಿಗೆ ಇದು ಇನ್ನೂ ಜಾಸ್ತಿ ಉಪಯೋಗ. ಯಾಕೆ ಅಂದರೆ, ಜೀವಿಗಳ ನಕ್ಷೆಯಲ್ಲಿ ಚುಕ್ಕಿಗಳು ದಟ್ಟವಾಗಿರುವುದು ಕ್ಯಾಮೆರಾ ಹಿಡಿದವರು ಓಡಾಡುವ ಕಡೆ. ಹಂಪಿಗೆ ಬಂದವರು ಹಂಪಿಯ ಹಕ್ಕಿ ತೆಗೆಯುತ್ತಾರೆ. ದರೋಜಿಗೆ ಬಂದವರು ಕರಡಿ ತೆಗೆಯುತ್ತಾರೆ. ಮಾನ್ವಿ, ಸಿಂಧನೂರು, ಯಲಬುರ್ಗಾದ ಎರೆಹೊಲದಲ್ಲಿ ಏನಿದೆ ಅಂತ ನೋಡಲು ಬೆಂಗಳೂರಿನಿಂದ ಯಾರು ಬರುತ್ತಾರೆ? ನಕ್ಷೆ ಖಾಲಿ ಕಂಡರೆ ಅಲ್ಲಿ ಜೀವ ಇಲ್ಲ ಅಂತಲ್ಲ, ಬರೆದವರಿಲ್ಲ ಅಂತ.

ದಾಖಲೆ ಅಂದರೆ ಏನು

ಫೋಟೊ ದಾಖಲೆ ಅಲ್ಲ. ನನಗೆ ಇದು ಅರ್ಥವಾಗಲು ಒಂದು ವರ್ಷ ಬೇಕಾಯಿತು. ಏನು ಕಂಡಿತು, ಎಲ್ಲಿ, ಯಾವಾಗ, ಯಾರು ಕಂಡರು, ಈ ನಾಲ್ಕಕ್ಕೆ ಉತ್ತರ ಇದ್ದರೆ ಅದು ದಾಖಲೆ. ಫೋಟೊ ಅದಕ್ಕೆ ಸಾಕ್ಷಿ ಅಷ್ಟೇ. ಎಷ್ಟೇ ಚಂದದ ಹುಲಿ ಚಿತ್ರ ಇರಲಿ, ಎಲ್ಲಿ ಯಾವಾಗ ಅಂತ ಗೊತ್ತಿಲ್ಲದಿದ್ದರೆ ಅದು ಕ್ಯಾಲೆಂಡರಿಗೆ ಸರಿ, ದಾಖಲೆಗೆ ಬರುವುದಿಲ್ಲ.

ಜಗತ್ತಿನ ಎಲ್ಲ ಕಡೆಯ ಇಂಥ ದಾಖಲೆಗಳನ್ನು ಒಂದೇ ಕಡೆ ಹುಡುಕಲು ಸಿಗುವಂತೆ ಮಾಡಿರುವ ಜಾಲ ಜಿಬಿಐಎಫ್. ಪೂರ್ತಿ ಹೆಸರು ಗ್ಲೋಬಲ್ ಬಯೋಡೈವರ್ಸಿಟಿ ಇನ್ಫರ್ಮೇಶನ್ ಫೆಸಿಲಿಟಿ. 2001ರಲ್ಲಿ ಶುರುವಾಯಿತು, ಕಚೇರಿ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿದೆ. ಈಗ ಅದರಲ್ಲಿ 300 ಕೋಟಿಗೂ ಹೆಚ್ಚು ದಾಖಲೆಗಳಿವೆ. ಮ್ಯೂಸಿಯಂನಲ್ಲಿ ಒಣಗಿಸಿಟ್ಟ ಎಲೆ, ಕಾಡಿನ ಕ್ಯಾಮೆರಾ ತಾನೇ ಹಿಡಿದ ಚಿತ್ರ, ನಿಮ್ಮ ಮೊಬೈಲಿನ ಫೋಟೊ ಎಲ್ಲವೂ ಅಲ್ಲಿ ಒಂದೊಂದು ಸಾಲು.

ಅಷ್ಟು ಬೇರೆ ಬೇರೆ ಮೂಲದಿಂದ ಬಂದದ್ದು ಒಂದೇ ಪಟ್ಟಿಯಲ್ಲಿ ಕೂರುವುದು ಹೇಗೆ? ಡಾರ್ವಿನ್ ಕೋರ್ ಅನ್ನುವ ಒಪ್ಪಂದದಿಂದ. 2009ರಲ್ಲಿ ಇದು ಅಧಿಕೃತ ಮಾನದಂಡವಾಯಿತು. ಕೇಳಲು ದೊಡ್ಡದು, ಒಳಗೆ ನೋಡಿದರೆ ನಮ್ಮ ಶಾಲೆಯ ಹಾಜರಿ ಪುಸ್ತಕದ ಹಾಗೆ: ಯಾವ ಕಾಲಮ್ಮಿಗೆ ಏನು ಹೆಸರು, ಅದರಲ್ಲಿ ಏನು ಬರೆಯಬೇಕು ಅಂತ ಎಲ್ಲರೂ ಒಪ್ಪಿಕೊಂಡಿದ್ದಾರೆ. ವೈಜ್ಞಾನಿಕ ಹೆಸರಿಗೊಂದು ಕಾಲಮ್ಮು, ದಿನಾಂಕಕ್ಕೊಂದು, ಅಕ್ಷಾಂಶಕ್ಕೊಂದು, ರೇಖಾಂಶಕ್ಕೊಂದು. ಕಣ್ಣಾರೆ ಕಂಡದ್ದೋ, ಮಾದರಿ ತೆಗೆದಿಟ್ಟದ್ದೋ, ಯಂತ್ರ ಹಿಡಿದದ್ದೋ ಅಂತ ಹೇಳಲು ಇನ್ನೊಂದು. ಕಂಡವರು ಯಾರು ಅನ್ನುವುದಕ್ಕೂ ಗುರುತಿಸಿದವರು ಯಾರು ಅನ್ನುವುದಕ್ಕೂ ಬೇರೆ ಬೇರೆ ಕಾಲಮ್ಮು. ಈ ಕೊನೆಯದು ನನಗೆ ಬಹಳ ಹಿಡಿಸಿತು. ಕುರಿ ಕಾಯುವ ಹುಡುಗ ಕಂಡಿರಬಹುದು, ದೂರದ ಯಾವುದೋ ಪ್ರೊಫೆಸರ್ ಹೆಸರು ಹೇಳಿರಬಹುದು. ಇಬ್ಬರಿಗೂ ಜಾಗ ಇದೆ.

ಜಿಬಿಐಎಫ್‌ಗೆ ನೀವು ನೇರವಾಗಿ ಏರಿಸುವಂತಿಲ್ಲ. ಅದಕ್ಕೆ ಕೊಡುವುದು ಸಂಸ್ಥೆಗಳು ಮತ್ತು ಕೆಲವು ತಾಣಗಳು. ನಮ್ಮಂಥವರಿಗೆ ಬಾಗಿಲು ಆ ತಾಣಗಳೇ.

ಮೊದಲು ಯಾವ ಆ್ಯಪ್ ಅಂತ ತೀರ್ಮಾನಿಸಿ

ಗಿಡ, ಹುಳ, ಹಾವು, ಅಣಬೆ, ಕಪ್ಪೆ ಯಾವುದಾದರೂ ಇರಲಿ ಅನ್ನುವವರಿಗೆ ಐನ್ಯಾಚುರಲಿಸ್ಟ್. 2008ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಸ್ನಾತಕೋತ್ತರ ವಿದ್ಯಾರ್ಥಿಗಳ ಪ್ರಾಜೆಕ್ಟಾಗಿ ಹುಟ್ಟಿದ್ದು ಇದು. ಬರೀ ಹಕ್ಕಿ ನೋಡುವವರಿಗೆ ಈಬರ್ಡ್, 2002ರಿಂದ ಇದೆ. ನಮ್ಮ ದೇಶದ್ದೇ ಬೇಕು ಅಂದರೆ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಇದೆ. ಮೂರಕ್ಕೂ ದುಡ್ಡಿಲ್ಲ. ನನ್ನ ಸಲಹೆ: ಒಂದರಿಂದ ಶುರು ಮಾಡಿ. ಮೂರರಲ್ಲೂ ಖಾತೆ ತೆರೆದು ಮೂರನ್ನೂ ಮರೆತವರನ್ನು ಜಾಸ್ತಿ ನೋಡಿದ್ದೇನೆ. ಸಣ್ಣ ಮಕ್ಕಳಿಗೆ ಬೇರೆ ಬೇರೆ ಖಾತೆ ಬೇಡ. ಮನೆಯವರದ್ದೋ ಮಾಸ್ತರದ್ದೋ ಒಂದು ಸಾಕು.

ಖಾತೆ ತೆರೆದ ಕೂಡಲೇ ಸೆಟ್ಟಿಂಗ್ಸ್‌ಗೆ ಹೋಗಿ ಲೈಸೆನ್ಸ್ ನೋಡಿಕೊಳ್ಳಿ. ಐನ್ಯಾಚುರಲಿಸ್ಟ್‌ನಿಂದ ಜಿಬಿಐಎಫ್‌ಗೆ ಹೋಗಬೇಕಾದರೆ ನಿಮ್ಮ ದಾಖಲೆಗೆ ಮೂರರಲ್ಲಿ ಒಂದು ಪರವಾನಗಿ ಇರಬೇಕು: ಸಿಸಿ-ಝೀರೊ, ಸಿಸಿ-ಬೈ ಅಥವಾ ಸಿಸಿ-ಬೈ-ಎನ್‌ಸಿ. ಮೊದಲನೆಯದು ಅಂದರೆ ಯಾರಾದರೂ ಹೇಗಾದರೂ ಬಳಸಲಿ. ಎರಡನೆಯದು, ಬಳಸಿ, ನನ್ನ ಹೆಸರು ಹೇಳಿ. ಮೂರನೆಯದು, ಹೆಸರು ಹೇಳಿ, ಆದರೆ ವ್ಯಾಪಾರಕ್ಕೆ ಬೇಡ. ತಾಣವೇ ಮೊದಲಿಗೆ ಮೂರನೆಯದನ್ನು ಇಟ್ಟಿರುತ್ತದೆ. ಅದನ್ನು ಹಾಗೇ ಬಿಟ್ಟರೂ ನಡೆಯುತ್ತದೆ. ‘ಎಲ್ಲ ಹಕ್ಕೂ ನನ್ನದೇ’ ಅಂತ ಇಟ್ಟರೆ ಮಾತ್ರ ನಿಮ್ಮ ದಾಖಲೆ ಆ ತಾಣದಲ್ಲೇ ಉಳಿಯುತ್ತದೆ.

ಫೋಟೊ ತೆಗೆಯುವಾಗ

ಜಾಲಿಯನ್ನೇ ತೆಗೆದುಕೊಳ್ಳೋಣ. ದೂರದಿಂದ ಒಂದು ಮರದ ಫೋಟೊ ತೆಗೆದು ಏರಿಸಿದರೆ ಯಾರೂ ಏನೂ ಹೇಳಲಾರರು. ನಮ್ಮಲ್ಲಿ ಕರಿಜಾಲಿ ಇದೆ, ಬಳ್ಳಾರಿ ಜಾಲಿ ಇದೆ, ಬನ್ನಿ ಇದೆ. ಎಲೆ ನೋಡಿದರೆ ಎಲ್ಲವೂ ಒಂದೇ ಮನೆಯವು. ಹತ್ತಿರ ಹೋಗಬೇಕು. ಹೂವು ಹಳದಿ ಗುಂಡಗೆ, ಸಣ್ಣ ಚೆಂಡಿನ ಹಾಗಿದ್ದರೆ ಕರಿಜಾಲಿ. ಬೆರಳಿನ ಹಾಗೆ ಉದ್ದಕ್ಕೆ ಜೋತಿದ್ದರೆ ಬಳ್ಳಾರಿ ಜಾಲಿ. ಕಾಯಿ ನೋಡಿದರೆ ಕರಿಜಾಲಿಯದು ಮಣಿ ಪೋಣಿಸಿದಂತೆ ಮಧ್ಯೆ ಮಧ್ಯೆ ಕಿರಿದಾಗಿರುತ್ತದೆ. ಮುಳ್ಳಿನ ಜಾಗವನ್ನೂ ನೋಡಿ: ಬಳ್ಳಾರಿ ಜಾಲಿಗೆ ಎಲೆ ಹುಟ್ಟುವ ಗೆಣ್ಣಿನಲ್ಲಿ ಮುಳ್ಳು ಬರುತ್ತದೆ. ಬನ್ನಿಗೆ ಗೆಣ್ಣುಗಳ ನಡುವೆ ಅಲ್ಲಲ್ಲಿ ಚದುರಿರುತ್ತದೆ.

ಹಾಗಾಗಿ ಒಂದು ಗಿಡಕ್ಕೆ ನಾಲ್ಕು ಫೋಟೊ: ಇಡೀ ಗಿಡ, ಎಲೆ ಮತ್ತು ಮುಳ್ಳು, ಹೂವು, ಕಾಯಿ. ಹೂವು ಕಾಯಿ ಇಲ್ಲದ ಕಾಲ ಆದರೆ ತೊಗಟೆ. ಕೀಟಕ್ಕೆ ಮೇಲಿನಿಂದ ಒಂದು, ಪಕ್ಕದಿಂದ ಒಂದು. ಕಪ್ಪೆಗೆ, ಹಕ್ಕಿಗೆ ದನಿ ರೆಕಾರ್ಡ್ ಮಾಡಿದರೂ ಸಾಕ್ಷಿ ಆಗುತ್ತದೆ. ಹಾವಿಗೆ? ಎಷ್ಟು ದೂರದಿಂದ ಆಗುತ್ತದೋ ಅಷ್ಟು ದೂರದಿಂದ.

ಒಂದು ಎಚ್ಚರಿಕೆ. ಮಕ್ಕಳು ನನಗೆ ಫೋಟೊಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತಿದ್ದರು, ನಾನು ಅವನ್ನೇ ಏರಿಸುತ್ತಿದ್ದೆ. ಹಾಗೆ ಕಳಿಸಿದ ಫೋಟೊದಿಂದ ಜಾಗ ಮತ್ತು ಸಮಯದ ಮಾಹಿತಿ ಉದುರಿ ಹೋಗಿರುತ್ತದೆ. ಅದು ನನಗೆ ಗೊತ್ತಿರಲಿಲ್ಲ. ಜುಲೈಯಲ್ಲಿ ಕಂಡ ರೇಷ್ಮೆಹುಳ ಅಂದರೆ ಕೆಂಪು ವೆಲ್ವೆಟ್ಟಿನ ಮಳೆಹುಳ, ನನ್ನ ಪಟ್ಟಿಯಲ್ಲಿ ಡಿಸೆಂಬರಿನ ಒಣ ನೆಲದಲ್ಲಿ ಓಡಾಡುತ್ತಿತ್ತು! ಮೂಲ ಫೋಟೊ ತೆಗೆದ ಫೋನಿನಿಂದಲೇ ಏರಿಸಿ. ಇಲ್ಲವೇ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ.

ಜಾಗ ಬರೆಯುವುದು: ನಾನು ಗುಬ್ಬಿಯನ್ನು ಸಮುದ್ರಕ್ಕೆ ಹಾಕಿದ ಕಥೆ

ಗಂಗಾವತಿ ಇರುವುದು ಸುಮಾರು 15.43 ಅಕ್ಷಾಂಶ, 76.53 ರೇಖಾಂಶದಲ್ಲಿ. ಮಕ್ಕಳು ಬರೆದ ಪಟ್ಟಿಯನ್ನು ನಾನು ಒಮ್ಮೆ ಕಂಪ್ಯೂಟರಿನಲ್ಲಿ ಕೂಡಿಸಿ ಒಟ್ಟಿಗೆ ಏರಿಸಿದೆ. ಅಕ್ಷಾಂಶದ ಕಾಲಮ್ಮಿನಲ್ಲಿ 76, ರೇಖಾಂಶದಲ್ಲಿ 15 ಹಾಕಿದ್ದೆ. ನಕ್ಷೆ ತೆಗೆದು ನೋಡಿದರೆ ನಮ್ಮೂರ ಗುಬ್ಬಿಗಳೆಲ್ಲ ನಾರ್ವೆ ದೇಶದ ಸ್ವಾಲ್ಬಾರ್ಡ್ ದ್ವೀಪಗಳ ದಕ್ಷಿಣ ತುದಿಯ ಹತ್ತಿರ, ಆರ್ಕ್ಟಿಕ್ ಸಮುದ್ರದಲ್ಲಿ ಕೂತಿವೆ. ಮಕ್ಕಳು ಇಡೀ ವಾರ ನಕ್ಕರು.

ಇದು ನನ್ನೊಬ್ಬನ ತಪ್ಪಲ್ಲ ಅನ್ನುವುದೇ ಸಮಾಧಾನ. ಜಿಬಿಐಎಫ್ ಪ್ರತಿ ಸಾಲನ್ನೂ ಯಂತ್ರದಿಂದ ಪರೀಕ್ಷೆ ಮಾಡಿ ಅನುಮಾನ ಇದ್ದಲ್ಲಿ ಗುರುತು ಹಾಕುತ್ತದೆ. ‘ಅಕ್ಷಾಂಶ ರೇಖಾಂಶ ಅದಲು ಬದಲಾದಂತಿದೆ’, ‘ದೇಶ ಭಾರತ ಅಂತಿದೆ, ಚುಕ್ಕಿ ಬೇರೆ ಕಡೆ ಇದೆ’, ‘ಎರಡೂ ಸೊನ್ನೆ ಇದೆ’. ಇಂಥ ಗುರುತುಗಳಿಗೆ ಅಲ್ಲಿ ಸಿದ್ಧ ಹೆಸರುಗಳೇ ಇವೆ. ಎರಡೂ ಸೊನ್ನೆ ಅಂದರೆ ಆಫ್ರಿಕಾದ ಪಶ್ಚಿಮಕ್ಕೆ ಗಿನಿ ಕೊಲ್ಲಿಯ ನೀರು. ಕಾಲಮ್ಮು ಖಾಲಿ ಬಿಟ್ಟವರ ಎಷ್ಟೋ ಜೀವಿಗಳು ಅಲ್ಲಿಗೆ ಹೋಗಿ ಬೀಳುತ್ತವೆ.

ದಶಮಾಂಶ ಎಷ್ಟು ಬರೆಯಬೇಕು? ಒಂದು ಡಿಗ್ರಿ ಅಕ್ಷಾಂಶ ಅಂದರೆ ಸುಮಾರು 111 ಕಿಲೊಮೀಟರ್. ಚುಕ್ಕಿಯ ಮುಂದೆ ಎರಡು ಅಂಕಿ ಬರೆದರೆ ಸುಮಾರು ಒಂದು ಕಿಲೊಮೀಟರಿನ ನಿಖರತೆ, ನಾಲ್ಕು ಬರೆದರೆ ಸುಮಾರು 11 ಮೀಟರ್. ಫೋನಿನ ಲೊಕೇಶನ್ ಆನ್ ಇದ್ದರೆ ಇದೆಲ್ಲ ತಾನೇ ಬರುತ್ತದೆ. ಹಳೆ ಫೋಟೊ ಆಗಿದ್ದರೆ ನಕ್ಷೆಯಲ್ಲಿ ಪಿನ್ ಇಟ್ಟು, ಅದರ ಸುತ್ತಲಿನ ವೃತ್ತವನ್ನು ನಿಮಗೆ ನೆನಪಿದ್ದಷ್ಟು ದೊಡ್ಡದು ಮಾಡಿ. ‘ಕಾರಟಗಿ ಮತ್ತು ಗಂಗಾವತಿ ನಡುವೆ ಎಲ್ಲೋ’ ಅಂತ ನೆನಪಿದ್ದರೆ ವೃತ್ತವೂ ಅಷ್ಟು ದೊಡ್ಡದಿರಲಿ. ಸಣ್ಣ ವೃತ್ತ ಹಾಕಿ ಜಂಬ ಪಡುವುದಕ್ಕಿಂತ ಅದು ಎಷ್ಟೋ ವಾಸಿ.

ದಿನಾಂಕವನ್ನು ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ಬರೆಯಿರಿ: 2024-11-02. ಸುಮ್ನೆ 2-11 ಅಂತ ಬರೆದರೆ ನಮಗೆ ನವೆಂಬರ್ 2, ಅಮೆರಿಕದವರಿಗೆ ಫೆಬ್ರುವರಿ 11.

ಹೆಸರು: ಗೊತ್ತಿದ್ದಷ್ಟೇ ಹೇಳಿ

ಫೋಟೊ ಹಾಕಿದ ಕೂಡಲೇ ಐನ್ಯಾಚುರಲಿಸ್ಟ್‌ನ ಯಂತ್ರ ಒಂದಷ್ಟು ಹೆಸರು ಸೂಚಿಸುತ್ತದೆ. ಮೇಲಿನದನ್ನು ಒತ್ತಿಬಿಡುವ ಆಸೆ ಆಗುತ್ತದೆ. ತಡೆದುಕೊಳ್ಳಿ. ಯಂತ್ರಕ್ಕೆ ಹೆಚ್ಚು ಗೊತ್ತಿರುವುದು ಹೆಚ್ಚು ಫೋಟೊ ಇರುವ ಜೀವಿಗಳು, ನಮ್ಮ ಎರೆಭೂಮಿಯ ಮಿಡತೆ ಅಲ್ಲ. ಖಾತ್ರಿ ಇಲ್ಲದಿದ್ದರೆ ‘ಮಿಡತೆ’ ಅಂತ ನಿಲ್ಲಿಸಿ, ‘ಜೇಡ’ ಅಂತ ನಿಲ್ಲಿಸಿ. ಏನೂ ತೋಚದಿದ್ದರೆ ‘ಸಸ್ಯ’ ಅಂದರೂ ಸಾಕು. ಗೊತ್ತಿದ್ದವರು ಮುಂದಕ್ಕೆ ಒಯ್ಯುತ್ತಾರೆ. ಕನಿಷ್ಠ ಇಬ್ಬರು ಹೆಸರು ಹೇಳಿ, ಹೇಳಿದವರಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಜನ ಒಪ್ಪಿದರೆ ದಾಖಲೆಗೆ ರಿಸರ್ಚ್ ಗ್ರೇಡ್ ಅನ್ನುವ ಮುದ್ರೆ ಬೀಳುತ್ತದೆ. ಜಿಬಿಐಎಫ್‌ಗೆ ಹೋಗುವುದು ಆ ಮುದ್ರೆ ಬಿದ್ದದ್ದು ಮಾತ್ರ. ಗೆಳೆಯ ಹಾಕಿದ ಅಂತ ಕಣ್ಣು ಮುಚ್ಚಿ ಒಪ್ಪಿಗೆ ಒತ್ತಬೇಡಿ. ಶಾಲೆಯ ಮಕ್ಕಳ ಗುಂಪಿನಲ್ಲಿ ಈ ಕಾಯಿಲೆ ಬಹಳ ಬೇಗ ಹರಡುತ್ತದೆ, ನಾನೇ ನೋಡಿದ್ದೇನೆ.

ಹಿತ್ತಲಿನ ದಾಸವಾಳ, ಗದ್ದೆಯ ಭತ್ತ, ಕಟ್ಟಿಹಾಕಿದ ಎಮ್ಮೆ ಇವಕ್ಕೆ ‘ಬೆಳೆಸಿದ್ದು, ಸಾಕಿದ್ದು’ ಅಂತ ಗುರುತು ಹಾಕಬೇಕು. ತಾನಾಗಿ ಬದುಕುವ ಜೀವಿಗಳ ನಕ್ಷೆ ಅದು. ಬಳ್ಳಾರಿ ಜಾಲಿ ಹೊರಗಿನದಾದರೂ ಯಾರೂ ನೆಡದೆ ಹಬ್ಬುತ್ತದೆ, ಹಾಗಾಗಿ ಅದಕ್ಕೆ ಈ ಗುರುತು ಬೇಡ.

ವೈಜ್ಞಾನಿಕ ಹೆಸರೂ ಕಲ್ಲಿನಲ್ಲಿ ಕೆತ್ತಿದ್ದಲ್ಲ. ಬಳ್ಳಾರಿ ಜಾಲಿಯನ್ನು ನಾವು ಕಾಲೇಜಿನಲ್ಲಿ ಪ್ರೊಸೋಪಿಸ್ ಜೂಲಿಫ್ಲೋರಾ ಅಂತ ಓದಿದ್ದೆವು. 2022ರಲ್ಲಿ ಆ ಕುಲವನ್ನು ಒಡೆದು ಇದಕ್ಕೆ ನೆಲ್ಟುಮಾ ಜೂಲಿಫ್ಲೋರಾ ಅಂದರು. ನಮ್ಮ ಬನ್ನಿ, ಪ್ರೊಸೋಪಿಸ್ ಸಿನರೇರಿಯಾ, ಹಳೆ ಮನೆಯಲ್ಲೇ ಉಳಿಯಿತು. ನೀವು ಏನೂ ಮಾಡಬೇಕಿಲ್ಲ. ಹಳೆ ಹೆಸರನ್ನೂ ಹೊಸದನ್ನೂ ಒಂದಕ್ಕೊಂದು ಕಟ್ಟುವ ಹೆಸರಿನ ಪಟ್ಟಿ ಇಂಥ ತಾಣಗಳ ಹಿಂದೆ ಇರುತ್ತದೆ. ಒಂದು ತಾಣದಲ್ಲಿ ಹೊಸದು, ಇನ್ನೊಂದರಲ್ಲಿ ಹಳೆಯದು ಕಂಡರೆ ಗಾಬರಿ ಬೇಡ. ಇದನ್ನು ಹಳ್ಳದ ದಂಡೆಯಲ್ಲಿ ಕುರಿ ಮೇಯಿಸುತ್ತಿದ್ದ ಅಜ್ಜನಿಗೆ ಹೇಳಿದೆ. “ಹೆಸರು ಬದಲಾದ್ರ ಮುಳ್ಳು ಬದಲಾತೇನೋ ತಮ್ಮಾ?” ಅಂದ.

ಆದರೆ ಅದೇ ಅಜ್ಜನಿಂದ ಕಲಿಯುವುದು ಬೇಕಾದಷ್ಟಿದೆ. ಕನ್ನಡದಲ್ಲಿ ಬನ್ನಿ ಅಂತ ಕರೆಯುವ ಮರ ಒಂದೇ ಅಲ್ಲ. ಅಕೇಶಿಯಾ ಫೆರುಜಿನಿಯಾ ಅಂತ ಓದಿದ ಮರಕ್ಕೂ ಕೆಲವು ಕಡೆ ಬನ್ನಿ ಅಂತಾರೆ. ಐನ್ಯಾಚುರಲಿಸ್ಟ್‌ನಲ್ಲಿ ಪ್ರತಿ ಜೀವಿಯ ಪುಟಕ್ಕೂ ಕನ್ನಡ ಹೆಸರು ಸೇರಿಸಬಹುದು. ನಿಮ್ಮ ಊರಲ್ಲಿ ಬಾಯಲ್ಲಿರುವ ಹೆಸರನ್ನು ಸೇರಿಸಿ. ನೀವೇ ಕೂತು ಸಂಸ್ಕೃತದಲ್ಲಿ ಕಟ್ಟಿದ ಹೆಸರನ್ನು ದಯವಿಟ್ಟು ಬೇಡ.

ಹಕ್ಕಿಯವರಿಗೆ ಒಂದು ಮಾತು

ಈಬರ್ಡ್‌ನಲ್ಲಿ ಪಟ್ಟಿ ಮುಗಿಸುವಾಗ ಒಂದು ಪ್ರಶ್ನೆ ಬರುತ್ತದೆ: ಗುರುತಿಸಲು ಆದ ಎಲ್ಲ ಹಕ್ಕಿಗಳನ್ನೂ ಬರೆದಿರಾ? ಅದಕ್ಕೆ ‘ಹೌದು’ ಅನ್ನುವ ಹಾಗೆ ಪಟ್ಟಿ ಮಾಡಿ. ಎಷ್ಟು ಹೊತ್ತು ನೋಡಿದಿರಿ, ಎಷ್ಟು ದೂರ ನಡೆದಿರಿ ಅದನ್ನೂ ಬರೆಯಿರಿ. ಕಾಲುವೆ ದಂಡೆಯಲ್ಲಿ ಅರ್ಧ ತಾಸು ನಿಂತು ಕಾಗೆ, ಗೊರವಂಕ, ಬೆಳ್ಳಕ್ಕಿ ಎಲ್ಲ ಬರೆದಿದ್ದೀರಿ, ಗುಬ್ಬಿ ಬರೆದಿಲ್ಲ. ಪಟ್ಟಿ ಪೂರ್ತಿ ಅಂತ ನೀವು ಹೇಳಿದ್ದರೆ, ಗುಬ್ಬಿ ಆ ಹೊತ್ತು ಅಲ್ಲಿ ಕಾಣಲಿಲ್ಲ ಅನ್ನುವುದೂ ಮಾಹಿತಿ. ಬರೀ ಅಪರೂಪದ ಹಕ್ಕಿ ಬರೆಯುವವರಿಂದ ಇದು ಸಿಗುವುದಿಲ್ಲ. 2023ರಲ್ಲಿ ಬಂದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ 942 ಜಾತಿಗಳನ್ನು ಅಳೆದು ನೋಡಿದ್ದು ಸುಮಾರು 30,000 ಜನ ಹಕ್ಕಿ ನೋಡುವವರು ಬರೆದ ಇಂಥ 3 ಕೋಟಿ ದಾಖಲೆಗಳ ಮೇಲೆ.

ಹೇಳಬಾರದ್ದನ್ನು ಮುಚ್ಚಿಡಿ

ಸಿರುಗುಪ್ಪದ ಕಡೆ ಎರೆಹೊಲದಲ್ಲಿ ಎರೆಭೂತ, ಅಂದರೆ ದೊರವಾಯನ ಹಕ್ಕಿ (ಇಂಗ್ಲಿಷಿನಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್) ಕಂಡಿದೆ. ಜಗತ್ತಿನಲ್ಲೇ ಬೆರಳೆಣಿಕೆಗೆ ಇಳಿಯುತ್ತಿರುವ ಹಕ್ಕಿ ಅದು. ಅದರ ಗೂಡಿನ ಜಾಗವನ್ನು ನಾಲ್ಕು ದಶಮಾಂಶದಲ್ಲಿ ಬರೆದು ಜಗತ್ತಿಗೆ ಹಂಚಿದರೆ ಮಾರನೇ ದಿನ ಜೀಪುಗಳು ಬಂದು ನಿಲ್ಲುತ್ತವೆ. ಅಳಿವಿನ ಅಂಚಿನಲ್ಲಿರುವ ಜೀವಿಗಳ ಜಾಗವನ್ನು ಐನ್ಯಾಚುರಲಿಸ್ಟ್ ಸಾಮಾನ್ಯವಾಗಿ ತಾನೇ ಮಸುಕು ಮಾಡುತ್ತದೆ: 0.2 ಡಿಗ್ರಿ ಚೌಕದೊಳಗೆ, ಅಂದರೆ ಸುಮಾರು 22 ಕಿಲೊಮೀಟರ್ ಉದ್ದಗಲದಲ್ಲಿ, ಎಲ್ಲೋ ಒಂದು ಕಡೆ ಚುಕ್ಕಿ ತೋರಿಸುತ್ತದೆ. ಆದರೆ ಎಲ್ಲದಕ್ಕೂ ಅದನ್ನೇ ನಂಬಬೇಡಿ. ಮುದ್ಲಾಪುರದಿಂದ ಕಂಪ್ಲಿವರೆಗೆ ತುಂಗಭದ್ರೆಯ 34 ಕಿಲೊಮೀಟರ್ ನೀರುನಾಯಿಗಳಿಗೆಂದು 2015ರಲ್ಲಿ ಮೀಸಲಾಗಿದೆ. ಅಲ್ಲಿ ಮರಿ ಇರುವ ಗುಹೆ ಕಂಡರೆ, ನಮ್ಮ ಗಂಗಾವತಿ ತಾಲ್ಲೂಕಿನ ಬಂಕಾಪುರದ ಕಡೆ ತೋಳದ ಗವಿ ಕಂಡರೆ, ನೀವೇ ‘ಮಸುಕು’ ಆಯ್ಕೆ ಒತ್ತಿ. ಮನೆಯ ಹಿತ್ತಲಲ್ಲಿ ತೆಗೆದ ಫೋಟೊಗೂ ಅದೇ ಮಾಡಿ, ಮನೆ ವಿಳಾಸ ಊರಿಗೆಲ್ಲ ಯಾಕೆ?

ಔಷಧಿ ವಿಷಯ ಇನ್ನೂ ಸೂಕ್ಷ್ಮ. ಯಾವ ಬೇರು ಯಾವ ನೋವಿಗೆ ಅಂತ ಊರ ನಾಟಿ ವೈದ್ಯರು ನಂಬಿ ಹೇಳಿದ್ದನ್ನು ಅವರನ್ನು ಕೇಳದೆ ತೆರೆದ ತಾಣದಲ್ಲಿ ಬರೆಯಬೇಡಿ. ಅದಕ್ಕೆ ಬೇರೆ ಪುಸ್ತಕ ಇದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಊರಿನವರನ್ನು ಕೇಳಿ ಜನತಾ ಜೀವವೈವಿಧ್ಯ ದಾಖಲಾತಿ ಬರೆಯಬೇಕು. ನಿಮ್ಮ ಪಂಚಾಯಿತಿಗೆ ಹೋಗಿ ‘ಅದು ಎಲ್ಲಿದೆ, ತೋರಿಸ್ರಿ’ ಅಂತ ಒಮ್ಮೆ ಕೇಳಿ ನೋಡಿ.

ಹಾಕಿದ್ದನ್ನು ಹುಡುಕಿ ನೋಡುವುದು

ಐನ್ಯಾಚುರಲಿಸ್ಟ್‌ನಿಂದ ಮುದ್ರೆ ಬಿದ್ದ ದಾಖಲೆ ಕೆಲವು ವಾರದಲ್ಲಿ ಜಿಬಿಐಎಫ್ ತಲುಪುತ್ತದೆ. ಈಬರ್ಡ್‌ನದು ನಿಧಾನ, ವರ್ಷಕ್ಕೊಮ್ಮೆ ಹೋಗುವಂಥದ್ದು. ಈಗ ನಿಮ್ಮ ತಾಲ್ಲೂಕಿನಲ್ಲಿ ಏನೇನು ದಾಖಲಾಗಿದೆ ಅಂತ ನೀವೇ ನೋಡಬಹುದು. ಜಿಬಿಐಎಫ್ ಡಾಟ್ ಆರ್ಗ್‌ಗೆ ಹೋಗಿ ಆಕರೆನ್ಸಸ್ ಒತ್ತಿ.

ಇಲ್ಲಿ ಜಿಲ್ಲೆಯ ಹೆಸರು ಬರೆದು ಹುಡುಕಬೇಡಿ. ನಮ್ಮ ಸೀಮೆಯ ಗಡಿಗಳು ಅಷ್ಟು ಓಡಾಡಿವೆ. ಹಂಪಿ 2021ರ ತನಕ ಬಳ್ಳಾರಿ ಜಿಲ್ಲೆ, ಆಮೇಲೆ ವಿಜಯನಗರ. ಕೊಪ್ಪಳ 1997ರ ತನಕ ರಾಯಚೂರು. ರಾಯಚೂರು 1956ರ ತನಕ ಹೈದರಾಬಾದ್ ರಾಜ್ಯ. ಬಳ್ಳಾರಿ 1953ರ ತನಕ ಮದ್ರಾಸು. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದದ್ದೇ 1973ರಲ್ಲಿ. ಬ್ರಿಟಿಷರ ಕಾಲದಲ್ಲಿ ಬಳ್ಳಾರಿಯಲ್ಲಿ ಕಿತ್ತು ಒಣಗಿಸಿಟ್ಟ ಗಿಡದ ಚೀಟಿಯಲ್ಲಿ ‘ಕರ್ನಾಟಕ’ ಎಲ್ಲಿಂದ ಬರಬೇಕು? ಹಾಗಾಗಿ ನಕ್ಷೆಯ ಮೇಲೆ ನಿಮಗೆ ಬೇಕಾದ ಜಾಗದ ಸುತ್ತ ಗೆರೆ ಎಳೆದು ಹುಡುಕುವ ಆಯ್ಕೆ ಬಳಸಿ. ಹೆಸರು ಯಾವುದೇ ಇರಲಿ, ಅಕ್ಷಾಂಶ ರೇಖಾಂಶ ಇದ್ದದ್ದೆಲ್ಲ ಸಿಗುತ್ತದೆ. ಅದಿಲ್ಲದ ಹಳೆ ಚೀಟಿಗಳಿಗೆ ಮಾತ್ರ ಹಳೆ ಹೆಸರುಗಳನ್ನೆಲ್ಲ ಒಂದೊಂದಾಗಿ ಹಾಕಿ ನೋಡಬೇಕು, ಬೇರೆ ದಾರಿ ಇಲ್ಲ.

ಡೌನ್‌ಲೋಡ್ ಮಾಡಲು ಉಚಿತ ಖಾತೆ ಬೇಕು. ‘ಸಿಂಪಲ್’ ಅನ್ನುವ ಕಡತ ಸಾಕು. ಅದನ್ನು ಎಕ್ಸೆಲ್‌ನಲ್ಲಿ ನೇರವಾಗಿ ಡಬಲ್ ಕ್ಲಿಕ್ ಮಾಡಿ ತೆರೆದರೆ ಕನ್ನಡ ಅಕ್ಷರ ಇರುವ ಕಡೆ ಕಸ ಕಾಣಬಹುದು. ಡೇಟಾ ಇಂಪೋರ್ಟ್ ಮೂಲಕ, ಯುಟಿಎಫ್-8 ಆಯ್ದು ತೆರೆಯಿರಿ. ಪ್ರತಿ ಡೌನ್‌ಲೋಡಿಗೂ ಡಿಒಐ ಅನ್ನುವ ಒಂದು ಕಾಯಂ ನಂಬರ್ ಕೊಡುತ್ತಾರೆ. ಕಾಲೇಜಿನ ಪ್ರಾಜೆಕ್ಟ್ ಬರೆಯುವವರು ಆ ನಂಬರನ್ನು ಹಾಕಬೇಕು. ಆಗ ಯಾರ ದಾಖಲೆ ಎಲ್ಲಿ ಬಳಕೆಯಾಯಿತು ಅಂತ ಹಿಂದಕ್ಕೆ ಹುಡುಕಿಕೊಂಡು ಬರಬಹುದು.

ತಪ್ಪು ಕಂಡರೆ ಜಿಬಿಐಎಫ್‌ನಲ್ಲಿ ತಿದ್ದಲು ಆಗುವುದಿಲ್ಲ. ಅದು ಸಂತೆ ಇದ್ದ ಹಾಗೆ, ಸರಕು ಬಂದದ್ದು ಬೇರೆ ಕಡೆಯಿಂದ. ಸಾಲಿನ ಪುಟದಲ್ಲಿ ಅದನ್ನು ಕೊಟ್ಟವರ ಕೊಂಡಿ ಇರುತ್ತದೆ. ಅಲ್ಲಿ ಹೋಗಿ ಹೇಳಿ, ಅಥವಾ ನಿಮ್ಮದೇ ಆದರೆ ಅಲ್ಲೇ ತಿದ್ದಿ. ಮುಂದಿನ ಸಲ ಸರಕು ಬರುವಾಗ ತಿದ್ದಿದ್ದೇ ಬರುತ್ತದೆ. ನಮ್ಮ ಗುಬ್ಬಿಗಳನ್ನು ಆರ್ಕ್ಟಿಕ್ ಸಮುದ್ರದಿಂದ ಗಂಗಾವತಿಗೆ ವಾಪಸ್ ತಂದದ್ದು ಎಂಟನೇ ಕ್ಲಾಸಿನ ಹುಡುಗಿ. ಅವಳಿಗೆ ಹತ್ತು ನಿಮಿಷ ಹಿಡಿಯಿತು.